ಪಾಲ್ ಹೆನ್ರಿಯ ಚಿತ್ರಗಳಿಂದ ಅಕಿಲ್ ದ್ವೀಪದ ಜನರು ಮರೆಯಾದದ್ದೇಕೆ?

ಪ್ರಶ್ನೆ:
ಐರಿಷ್ ಭೂದೃಶ್ಯ ಚಿತ್ರಕಾರ ಪಾಲ್ ಹೆನ್ರಿಯವರ ಕೃತಿಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತಿರುವಾಗ ಒಂದು ಸಂದೇಹ ಹುಟ್ಟಿತು. 1910ರಲ್ಲಿ ಐರ್ಲೆಂಡಿನ ಪಶ್ಚಿಮ ತೀರದ ಮೇಯೋ ಕೌಂಟಿಯ ಅಕಿಲ್ ದ್ವೀಪಕ್ಕೆ ಬಂದ ಹೊಸತರಲ್ಲಿ ಅವರು ಬರೆದ ಚಿತ್ರಗಳಲ್ಲಿ ದೋಣಿಯನ್ನು ಕಡಲಿಗೆ ಇಳಿಸುವ ಗಂಡಸರು, ನಡು ಬಗ್ಗಿಸಿ ಆಲೂಗಡ್ಡೆ ಅಗೆಯುವ ಹೆಂಗಸರು ಎದ್ದು ಕಾಣುತ್ತಾರೆ. 1920ರ ದಶಕದ ಚಿತ್ರಗಳಲ್ಲಾದರೋ ಬೆಟ್ಟ, ಮೋಡ, ನೀರು ಮತ್ತು ಹುಲ್ಲು ಹೊದಿಸಿದ ಬಿಳಿ ಮನೆಗಳಷ್ಟೇ ಉಳಿಯುತ್ತವೆ. ಅವರು ಹಚ್ಚಿಕೊಂಡದ್ದು ಊರಿನವರನ್ನೋ, ಅಥವಾ ಊರಿನ ನೋಟವನ್ನು ಮಾತ್ರವೋ?

ಮೊದಲ ಉತ್ತರ:
ಆರಂಭದಲ್ಲಿ ಜನರನ್ನೇ ಎನ್ನಬೇಕು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲಿತ ಹೆನ್ರಿ ಅಲ್ಲಿಂದ ಫ್ರೆಂಚ್ ಚಿತ್ರಕಾರ ಮಿಲೆಯ ರೈತಚಿತ್ರಗಳ ಗುಂಗನ್ನು ಹೊತ್ತು ತಂದಿದ್ದರು. ಗೆಳೆಯ ರಾಬರ್ಟ್ ಲಿಂಡ್ ಅವರ ಮಾತು ಕೇಳಿ ಅಕಿಲ್‌ಗೆ ಬಂದವರು, ಲಂಡನ್ನಿಗೆ ಮರಳುವ ಟಿಕೆಟ್ಟನ್ನು ಹರಿದೆಸೆದು ಅಲ್ಲಿಯೇ ನಿಂತರೆಂದು ಸ್ವತಃ ಹೇಳಿಕೊಂಡಿದ್ದಾರೆ. (ಆತ್ಮಕಥೆ ಬರೆಯುವ ಕಲಾವಿದರಿಗೆ ಇಂಥ ಪ್ರಸಂಗಗಳ ಮೇಲೆ ಪ್ರೀತಿ ಹೆಚ್ಚು, ಆದರೆ 1919ರವರೆಗೆ ಆ ದ್ವೀಪವೇ ಅವರ ನೆಲೆಯಾಗಿತ್ತು ಎಂಬುದು ನಿಜ.) ತಮ್ಮ ರೂಪವನ್ನು ಕಾಗದಕ್ಕೆ ಇಳಿಸುವುದಕ್ಕೆ ಹಳ್ಳಿಗರು ಹಿಂಜರಿಯುತ್ತಿದ್ದುದರಿಂದ ಅವರನ್ನು ಮರೆಯಲ್ಲಿ ನಿಂತು ಗೀಚಿಕೊಳ್ಳಬೇಕಾಗುತ್ತಿತ್ತು. ಎದುರು ನಿಂತು ಯಾರೂ ಬೇಡ ಎನ್ನದ ಬೆಟ್ಟಗಳತ್ತ ಕುಂಚ ತಿರುಗಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಎರಡನೆಯ ಉತ್ತರ:
ಹಳ್ಳಿಗರ ಹಿಂಜರಿಕೆಯೊಂದೇ ಕಾರಣವೆಂದು ಒಪ್ಪುವುದು ಕಷ್ಟ, ಏಕೆಂದರೆ ಆ ಹಿಂಜರಿಕೆ ಇದ್ದ ಕಾಲದಲ್ಲಿಯೇ ಅವರ ಅತ್ಯುತ್ತಮ ಜನಚಿತ್ರಗಳು ಬಂದಿವೆ. ಡಬ್ಲಿನ್ನಿಗೆ ಹೋದ ಮೇಲೆ ಪಶ್ಚಿಮ ತೀರ ಅವರಿಗೆ ನಿತ್ಯ ಬದುಕುವ ಜಾಗವಾಗಿ ಉಳಿಯಲಿಲ್ಲ. 1920ರ ದಶಕದಲ್ಲಿ ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆ ಅದೇ ಪಶ್ಚಿಮ ತೀರದ ಕಾನೆಮಾರಾ ಸೀಮೆಯನ್ನು ಕುರಿತ ಅವರ ಚಿತ್ರವನ್ನು ಪ್ರವಾಸಿಗರಿಗಾಗಿ ಭಿತ್ತಿಪತ್ರವಾಗಿ ಅಚ್ಚು ಹಾಕಿಸಿತು. ಪ್ರವಾಸಿಗೆ ಬೇಕಾದದ್ದು ನೆಮ್ಮದಿಯ ನಾಡೇ ಹೊರತು ಬೆನ್ನು ಬಾಗಿದ ಹೆಂಗಸಲ್ಲ. ಅದೇ ಅಕಿಲ್‌ನ ಎಳೆಯರು ಆಲೂಗಡ್ಡೆ ಕೀಳುವ ಕೂಲಿಗಾಗಿ ಸ್ಕಾಟ್‌ಲೆಂಡಿಗೆ ಹೋಗುತ್ತಿದ್ದರು. 1937ರಲ್ಲಿ ಕರ್ಕಿಂಟಿಲಾಕ್‌ನ ಕೂಲಿಬಿಡಾರಕ್ಕೆ ಬೆಂಕಿ ಬಿದ್ದು ಅವರಲ್ಲಿ ಹತ್ತು ಜನ ಸತ್ತರು. ಈ ಸಂಗತಿಯನ್ನು ನೆನೆದು ಆ ಬಿಳಿ ಮನೆಗಳನ್ನು ನೋಡಿದರೆ ಅವುಗಳ ಶಾಂತಿ ನನಗೆ ತುಸು ಅನುಮಾನಾಸ್ಪದವಾಗಿ ಕಾಣುತ್ತದೆ.

ಮೂರನೆಯ ಉತ್ತರ:
ಭಿತ್ತಿಪತ್ರದ ವಿಚಾರ ಸರಿಯೇ, ಆದರೆ ಚಿತ್ರಕಲೆಯ ಒಳಗಿನ ಕಾರಣವನ್ನು ಮರೆಯಬಾರದು. ಪ್ಯಾರಿಸ್‌ನಲ್ಲಿ ಅಮೆರಿಕನ್ ಚಿತ್ರಕಾರ ವಿಸ್ಲರ್ ಅವರ ಶಾಲೆಯಲ್ಲಿಯೂ ಕಲಿತಿದ್ದ ಹೆನ್ರಿಗೆ ಬಣ್ಣಕ್ಕಿಂತ ಬೆಳಕಿನ ಏರಿಳಿತವೇ ಮುಖ್ಯವಾಗಿತ್ತು. ಮೇಲಾಗಿ ಅವರಿಗೆ ಕೆಂಪು-ಹಸಿರುಗಳ ಭೇದ ಸರಿಯಾಗಿ ತಿಳಿಯುತ್ತಿರಲಿಲ್ಲ. ನೀಲಿ, ಬೂದು, ಕಂದುಗಳಲ್ಲೇ ಎಲ್ಲವನ್ನೂ ಹೇಳಬಲ್ಲ ಕಣ್ಣಿಗೆ ಮೋಡ ಕವಿದ ಆ ತೀರ ಒಗ್ಗಿಬಂದದ್ದರಲ್ಲಿ ಅಚ್ಚರಿಯಿಲ್ಲ. 1921ರ ಕಿಲರಿ ಬಂದರಿನ ಮುಂಜಾವಿನ ಚಿತ್ರದಲ್ಲಿ ಮನುಷ್ಯರು ಇಲ್ಲದಿರುವುದು ಕೊರತೆಯೆಂದು ನನಗೆ ಅನ್ನಿಸಿಲ್ಲ. ಪ್ರಶ್ನೆ ಕೇಳಿದವರು ಹೆನ್ರಿಯವರ ಪತ್ನಿ ಗ್ರೇಸ್ ಅವರು ಬರೆದ ಅಕಿಲ್ ಚಿತ್ರಗಳನ್ನೂ ಪಕ್ಕದಲ್ಲಿಟ್ಟು ನೋಡುವುದೊಳ್ಳೆಯದು: ದ್ವೀಪದ ಒಂಟಿತನ ಆಕೆಗೆ ಹಿಡಿಸಿರಲಿಲ್ಲ, ಆದರೂ ಅಲ್ಲಿನ ರಾತ್ರಿಗಳನ್ನು ಚಿತ್ರಿಸುವುದರಲ್ಲಿ ಆಕೆಯದೇ ಮೇಲುಗೈ.