ಸಂತೆ, ಮಾರ್ಟು, ಬಸ್‌ಸ್ಟಾಪಿನ ಅಂಗಡಿ: ಸಾಮಾನು ತರುವ ಜಾಗಕ್ಕೂ ಶುಗರ್‌ಗೂ ನಂಟಿದೆಯಾ?

ಪ್ರಶ್ನೆ (ಹೊಸನಗರ ಕಡೆಯ ಗೃಹಿಣಿ):
ಮೇಡಂ, ಮನೇಲಿ ನಾಲ್ಕು ಜನ. ಅತ್ತೆ, ಯಜಮಾನ್ರು, ನಾನು, ಹೈಸ್ಕೂಲಿಗೆ ಹೋಗೋ ಮಗ. ಹೋದ ತಿಂಗಳು ಯಜಮಾನ್ರ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತ ಪರೀಕ್ಷೆ) 6.3 ಬಂತು. ಮಾತ್ರೆ ಈಗ್ಲೇ ಬೇಡ, ಊಟ ಸರಿ ಮಾಡ್ಕೊಳ್ಳಿ ಅಂದ್ರು ಡಾಕ್ಟ್ರು. ಅತ್ತೆ ಮಾತ್ರ "ಶಿವಮೊಗ್ಗದ ಮಾರ್ಟಿಗೆ ಹೋಗಕ್ಕೆ ಶುರು ಮಾಡಿದ್ಮೇಲೇ ಇದೆಲ್ಲ" ಅಂತ ದಿನಾ ಹೇಳ್ತಾರೆ. ಮುಂಚೆ ಹಿತ್ತಿಲಲ್ಲೇ ಬೆಂಡೆ, ಅಲಸಂದೆ, ಹೀರೆ ಆಗ್ತಿತ್ತು. ಮಂಗನ ಕಾಟಕ್ಕೆ ಬಿಟ್ಟು ಐದು ವರ್ಷ ಆಯ್ತು. ಈಗ ರೇಷನ್ ಅಕ್ಕಿ ಸೊಸೈಟಿಯಿಂದ, ತಿಂಗಳಿಗೆ ತಲೆಗೆ 10 ಕೆ.ಜಿ. ತರಕಾರಿ ವಾರಕ್ಕೊಮ್ಮೆ ಸಂತೆಯಿಂದ, ದಿನಸಿ ತಿಂಗಳಿಗೊಮ್ಮೆ ಮಾರ್ಟಿಂದ. ಸಣ್ಣಪುಟ್ಟದ್ದೆಲ್ಲ ಬಸ್‌ಸ್ಟಾಪಿನ ಅಂಗಡೀಲಿ ಬರೆಸಿ ತರೋದು. ಅತ್ತೆ ಹೇಳೋದು ನಿಜವಾ?

ಉತ್ತರ (ಪಥ್ಯಾಹಾರ ತಜ್ಞೆ, ಶಿವಮೊಗ್ಗ):
ಅತ್ತೆ ಹೇಳುವುದು ಅರ್ಧ ನಿಜ. ಕೀನ್ಯಾ ದೇಶದ ಸಣ್ಣ ಪಟ್ಟಣಗಳಲ್ಲಿ ಇದನ್ನೇ ಅಧ್ಯಯನ ಮಾಡಿದ್ದರು, 2015ರಲ್ಲಿ ಪ್ರಕಟವಾಯಿತು. ಸೂಪರ್‌ಮಾರ್ಕೆಟ್ಟಿನಿಂದ ಸಾಮಾನು ತರುವ ಮನೆಗಳಲ್ಲಿ ದೊಡ್ಡವರ ತೂಕ ಹೆಚ್ಚಿತ್ತು. ಆದರೆ ಅಂಥ ಮನೆಯ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿರುವ ಸಮಸ್ಯೆ ಕಡಿಮೆಯಿತ್ತು. ಹಾಗಾಗಿ ಮಾರ್ಟನ್ನು ಒಂದೇ ಮಾತಲ್ಲಿ ಬೈಯಲು ನನಗೆ ಮನಸ್ಸಿಲ್ಲ.

6.3 ಎಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 5.7ರಿಂದ 6.4ರವರೆಗೆ ಈ ಹೊಸ್ತಿಲೇ, ಇಲ್ಲಿಂದ ಹಿಂದಕ್ಕೆ ಬರಬಹುದು.

ಮೊದಲು ಅಕ್ಕಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, 2000 ಕ್ಯಾಲರಿ ಸಾಕಾಗುವವರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ ಎಂದಿದೆ. ತಿಂಗಳಿಗೆ ತಲೆಗೆ ಏಳೂವರೆ ಕೆ.ಜಿ. ಗೋಧಿ, ರಾಗಿ, ರವೆ, ಅವಲಕ್ಕಿ ಎಲ್ಲ ಅದರಲ್ಲೇ ಬಂತು. ನಿಮ್ಮಲ್ಲಿ ಬರೀ ಅಕ್ಕಿಯೇ ಹತ್ತು. ತೋಟದಲ್ಲಿ ಗುದ್ದಲಿ ಹಿಡಿಯುವವರಿಗೆ ಹೆಚ್ಚು ಬೇಕು, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ಅವಲಕ್ಕಿ ಅಂತಾದರೆ ತಟ್ಟೆಯಲ್ಲಿ ಬೇರೆಯದಕ್ಕೆ ಜಾಗವೆಲ್ಲಿ? ಸೊಸೈಟಿ ಅಕ್ಕಿ ಬಿಡಿ ಎನ್ನುತ್ತಿಲ್ಲ. ಅಕ್ಕಿಗೆ ಹೋಗುತ್ತಿದ್ದ ದುಡ್ಡು ಉಳಿಯಿತಲ್ಲ, ಅದು ಎಲ್ಲಿಗೆ ಹೋಯಿತು ಅಂತ ಹುಡುಕಿ. ಬಸ್‌ಸ್ಟಾಪಿನ ಅಂಗಡಿಯ ಲೆಕ್ಕದ ಪುಸ್ತಕದ ಒಂದು ತಿಂಗಳ ಪುಟಗಳನ್ನು ಇಲ್ಲೇ ಬರೆದು ಹಾಕಿ.

ಪ್ರಶ್ನೆ ಕೇಳಿದವರು:
ನೋಡಿದೆ ಮೇಡಂ. ನಾಚಿಕೆ ಆಯ್ತು. ಬಿಸ್ಕತ್ತು 22 ಸಲ, ಚಿಪ್ಸ್ 14 ಸಲ, ಬನ್ನು 9, ತಂಪು ಪಾನೀಯ 6, ಹೆಸರುಬೇಳೆ ಒಂದೇ ಸಲ ಕಾಲು ಕೆ.ಜಿ. ಮೊಟ್ಟೆ ಇಲ್ವೇ ಇಲ್ಲ.

ಉತ್ತರ:
ನಾಚಿಕೆ ಯಾಕೆ, ನನ್ನ ಮನೆಯದೂ ಒಂದು ಕಾಲಕ್ಕೆ ಹೀಗೇ ಇತ್ತು. ಅತ್ತೆ ಮಾರ್ಟಿನ ಮೇಲೆ ಕಣ್ಣಿಟ್ಟಿದ್ದರು, ಸೋರುತ್ತಿದ್ದದ್ದು ಮನೆಯ ಪಕ್ಕದಲ್ಲಿ. ಬರೆಸಿ ತಂದದ್ದಕ್ಕೆ ಕೈಯಿಂದ ಕಾಸು ಬಿಚ್ಚುವುದಿಲ್ಲ, ಹಾಗಾಗಿ ಲೆಕ್ಕವೇ ಹತ್ತುವುದಿಲ್ಲ. ಅಂಗಡಿಯವರದೂ ತಪ್ಪಲ್ಲ: ಸೊಪ್ಪು ಇಟ್ಟರೆ ಸಂಜೆಗೆ ಬಾಡುತ್ತದೆ, ಚಿಪ್ಸ್ ಮೂರು ತಿಂಗಳು ನೇತಾಡಿಕೊಂಡಿರುತ್ತದೆ. ಅವರು ಯಾವುದನ್ನು ಇಟ್ಟಾರು? ಮೊಟ್ಟೆ ಮತ್ತು ಹೆಸರುಕಾಳು ಇಡಲು ನೀವೇ ಹೇಳಿ, ಒಂದೆರಡು ಮನೆಯವರು ಕೇಳಿದರೆ ಇಟ್ಟೇ ಇಡುತ್ತಾರೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಮಿನಷ್ಟು ಪ್ರೋಟೀನು, ಮಗನಿಗೂ ಆಯಿತು.

ಇನ್ನು ಮಾರ್ಟು. ಅಲ್ಲಿ ನಾನು ನೋಡುವುದು ಎಣ್ಣೆ ಡಬ್ಬ. ಅದೇ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ತಲೆಗೆ 27 ಗ್ರಾಂ ಎಣ್ಣೆ. ನಾಲ್ಕು ಜನಕ್ಕೆ ತಿಂಗಳಿಗೆ ಹೆಚ್ಚುಕಡಿಮೆ ಮೂರೂವರೆ ಲೀಟರ್. ಆಫರಿನಲ್ಲಿ ಬಂದ ಐದು ಲೀಟರಿನ ಡಬ್ಬ ತಂದ ದಿನ ಮುಚ್ಚಳದ ಮೇಲೆ ತಾರೀಖು ಬರೆಯಿರಿ. 40 ದಿನಕ್ಕೆ ಮೊದಲೇ ತಳ ಕಂಡರೆ ಕೈ ಜೋರಾಗಿದೆ ಎಂದರ್ಥ. ಬ್ರೆಡ್ಡು, ಬಿಸ್ಕತ್ತಿನ ಮುಂಭಾಗದಲ್ಲಿ ಏನೇ ಬರೆದಿರಲಿ, ಹಿಂಭಾಗ ಓದಿ. ಪದಾರ್ಥಗಳನ್ನು ತೂಕ ಹೆಚ್ಚಿರುವುದರಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. 'ಮಲ್ಟಿಗ್ರೇನ್' ಅಂತ ಇದ್ದು ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾವೇ.

ಮತ್ತೊಬ್ಬ ಸದಸ್ಯರು (ತೀರ್ಥಹಳ್ಳಿ):
ಸೊಸೈಟಿ ಅಕ್ಕಿಯಲ್ಲಿ ನಡುನಡುವೆ ಬೇರೆ ಥರದ ಬಿಳಿ ಕಾಳು ಬರುತ್ತೆ, ನೀರಲ್ಲಿ ತೇಲುತ್ತೆ. ಪ್ಲಾಸ್ಟಿಕ್ ಅಕ್ಕಿ ಅಂತ ನಮ್ಮೂರಲ್ಲಿ ಎಲ್ಲರೂ ಆರಿಸಿ ಬಿಸಾಕ್ತಾರೆ.

ಉತ್ತರ:
ದಯವಿಟ್ಟು ಬಿಸಾಡಬೇಡಿ! ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿರುತ್ತಾರೆ. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಎಸೆದರೆ ರಕ್ತಹೀನತೆಗೆಂದು ಹಾಕಿದ್ದೇ ಮೋರಿಗೆ ಹೋಯಿತು. ತೊಳೆಯುವುದೂ ಒಂದೆರಡು ಸಲ ಸಾಕು.

ಪ್ರಶ್ನೆ ಕೇಳಿದವರು:
ಸಂತೆ ತರಕಾರಿ ನಾಲ್ಕು ದಿನಕ್ಕೆ ಮುಗಿಯುತ್ತೆ. ಮಳೆಗಾಲದಲ್ಲಿ ಕರೆಂಟು ಮೂರ್ಮೂರು ದಿನ ಇರಲ್ಲ, ಫ್ರಿಜ್ಜು ಬರೀ ಕಪಾಟು. ಆಮೇಲೆ ಸಾರು, ಉಪ್ಪಿನಕಾಯಿ, ಹಪ್ಪಳ.

ಉತ್ತರ:
ನಿಮ್ಮ ಯಜಮಾನರ ಊಟ ಕೆಡುವುದು ವಾರದ ಆ ಕೊನೆಯ ಮೂರು ದಿನಗಳಲ್ಲೇ. ಉಪ್ಪು ದಿನಕ್ಕೆ ತಲೆಗೆ ಎಲ್ಲ ಸೇರಿ ಒಂದು ಟೀ ಚಮಚ, 5 ಗ್ರಾಂ ದಾಟಬಾರದು. ಉಪ್ಪಿನಕಾಯಿ, ಹಪ್ಪಳದ ಊಟ ಎರಡು ಹೊತ್ತಾದರೆ ಅದು ದಾಟಿಯೇ ಹೋಗುತ್ತದೆ. ಸಂತೆಯಲ್ಲಿ ಚೀಲ ತುಂಬುವಾಗಲೇ ಬಾಡುವ ಸರದಿ ಲೆಕ್ಕ ಹಾಕಿ. ಹರಿವೆ, ಮೆಂತ್ಯ ಮೊದಲೆರಡು ದಿನಕ್ಕೆ. ಆಮೇಲೆ ಬೀನ್ಸು, ತೊಂಡೆ, ಬದನೆ. ಕೊನೆಗೆ ಸಿಹಿಗುಂಬಳ, ಸುವರ್ಣಗೆಡ್ಡೆ, ಬಣ್ಣದ ಸೌತೆ. ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ಸೌತೆ ತೂಗುಹಾಕುತ್ತಿದ್ದ ಕಾಲದಲ್ಲಿ ಫ್ರಿಜ್ಜೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಅತ್ತೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ. ಸಂತೆಯ ಹಿಂದಿನ ದಿನಕ್ಕೆ ಮೊಳಕೆ ಬಂದ ಹುರುಳಿ ಇದ್ದರೆ ಬಸ್ಸಾರು ಆಯಿತು.

ಸದಸ್ಯರು (ಸಾಗರ):
ನಾವು ಮಂಗನ ಜೊತೆ ಜಗಳ ಬಿಟ್ಟು ಬಾವಿಕಟ್ಟೆ ಪಕ್ಕ ಒಂದೆಲಗ, ಸಾಂಬಾರಬಳ್ಳಿ, ಚಕ್ರಮುನಿ, ಕೆಸು ಮಾತ್ರ ಇಟ್ಟಿದೀವಿ. ನಮ್ಮಲ್ಲಿ ಇದುವರೆಗೆ ಮಂಗ ಕೆಸು ಮುಟ್ಟಿಲ್ಲ. ವಾರಕ್ಕೆರಡು ತಂಬುಳಿ ಖಾತ್ರಿ.

ಉತ್ತರ:
ಅದೇ ದಾರಿ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ಕೆಸು ತಿನ್ನಿ.

ಪ್ರಶ್ನೆ ಕೇಳಿದವರು:
ಅತ್ತೆಗೆ ಎಲ್ಲ ಓದಿ ಹೇಳಿದೆ. ಸೌತೆ ವಿಷಯಕ್ಕೆ ಬಹಳ ಖುಷಿ. ಅಂಗಡಿ ಪುಸ್ತಕ ತೆರೆದಾಗ ಇನ್ನೊಂದು ಗೊತ್ತಾಯ್ತು, 22 ಬಿಸ್ಕತ್ತಲ್ಲಿ 15 ಅವರೇ ಮೊಮ್ಮಗನ ಹೆಸರಲ್ಲಿ ಬರೆಸಿದ್ದು. ಚಹಾಕ್ಕೆ ಅದ್ದಿಕೊಳ್ಳಕ್ಕೆ.