ಫಾಲ್ಸ್ ಫ್ಲ್ಯಾಗ್‌ಗೆ ‘ಹುಸಿ ಧ್ವಜ’ ಸಾಕಾ?

ಗೆಳೆಯರೇ,

ಆಪರೇಷನ್ ನಾರ್ತ್‌ವುಡ್ಸ್ ಕಡತವನ್ನು ಕನ್ನಡಕ್ಕೆ ತರುತ್ತಾ ‘ಫಾಲ್ಸ್ ಫ್ಲ್ಯಾಗ್’ (ತಾನೇ ದಾಳಿ ಮಾಡಿ ಇನ್ನೊಬ್ಬರ ತಲೆಗೆ ಕಟ್ಟುವುದು) ಅನ್ನೋ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. 1962ರ ಮಾರ್ಚ್ 13ರಂದು ಅಮೆರಿಕದ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಲೆಮ್ನಿಟ್ಜರ್, ರಕ್ಷಣಾ ಸಚಿವ ಮ್ಯಾಕ್‌ನಮಾರಾಗೆ ಕೊಟ್ಟ ಟಿಪ್ಪಣಿ ಅದು. ಕ್ಯೂಬಾ ಮೇಲೆ ದಂಡೆತ್ತಿ ಹೋಗಲು ನೆಪ ಬೇಕು, ಅದನ್ನು ನಾವೇ ಹುಟ್ಟಿಸೋಣ ಅನ್ನೋದು ಅದರ ಸಾರ. ಕ್ಯೂಬಾದಲ್ಲಿ ಅಮೆರಿಕದ ನೌಕಾನೆಲೆ ಇರುವ ಗ್ವಾಂಟಾನಮೋ ಕೊಲ್ಲಿಯಲ್ಲಿ ತಮ್ಮದೇ ಹಡಗನ್ನು ಸಿಡಿಸಿ ಕ್ಯೂಬಾ ತಲೆಗೆ ಕಟ್ಟುವುದು. ಸಾಯದೇ ಇದ್ದವರಿಗೆ ಶವಸಂಸ್ಕಾರ ಮಾಡಿಸುವುದು! ಕೆನಡಿ ಸರ್ಕಾರ ಒಪ್ಪಲಿಲ್ಲ. ಕಡತ ಹೊರಬಂದದ್ದು 1997ರಲ್ಲಿ.

ಈಗ ಪದಕ್ಕೆ ಬರುತ್ತೇನೆ. ‘ಹುಸಿ ಧ್ವಜ ಕಾರ್ಯಾಚರಣೆ’ ಅಂತ ಬರೆದು ಮನೆಯವರಿಗೆ ಓದಿಸಿದೆ. “ಅಂದ್ರೆ ಏನೂ ಆಗಿಲ್ಲ, ಅಲ್ವಾ?” ಅಂದರು. ಅವರದು ತಪ್ಪಲ್ಲ. ಹುಸಿ ಬಾಂಬ್ ಕರೆ ಅಂದರೆ ಬಾಂಬೇ ಇಲ್ಲ. ಹುಸಿಯಾಯಿತು ಅಂದರೆ ನಡೆಯಲೇ ಇಲ್ಲ. ಆದರೆ ಈ ಟಿಪ್ಪಣಿಯಲ್ಲಿ ಫ್ಲೋರಿಡಾಕ್ಕೆ ಬರುವ ಕ್ಯೂಬನ್ನರ ದೋಣಿಯನ್ನು ಮುಳುಗಿಸುವ ಮಾತಿದೆ, ‘ನಿಜವಾಗಿ ಅಥವಾ ತೋರಿಕೆಗೆ’ ಅಂತ. ನಿಜವಾಗಿ ಮುಳುಗಿಸಿದರೆ ಜನ ಸಾಯುತ್ತಾರೆ. ಅಲ್ಲಿ ಸುಳ್ಳಾಗಿರೋದು ದಾಳಿಯಲ್ಲ, ಮಾಡಿದವರ ಹೆಸರು.

‘ಸೋಗಿನ ದಾಳಿ’ಗೂ ಇದೇ ತೊಡಕು. ‘ಗೂಬೆ ಕೂರಿಸು’ ಚೆನ್ನಾಗಿದೆ, ಆದರೆ ಯಾರೋ ಮಾಡಿದ್ದಕ್ಕೆ ಇನ್ಯಾರನ್ನೋ ದೂರಿದರೂ ಅದೇ ಮಾತು. ತಾನೇ ಮಾಡಿ ಕೂರಿಸಿದ ಅನ್ನೋದು ಅದರಲ್ಲಿ ಬರೋಲ್ಲ. ‘ಕಾಲು ಕೆರೆದು ಜಗಳಕ್ಕೆ ಹೋಗು’ ಉದ್ದೇಶವನ್ನು ಹಿಡಿಯುತ್ತದೆ, ಆದರೆ ಕಾಲು ಕೆರೆಯುವವನು ಎದುರಿಗೇ ಕೆರೆಯುತ್ತಾನೆ.

ಮೂಲದಲ್ಲಿ ಇದು ಹಡಗಿನವರ ಮಾತು. ಬೇರೆಯವರ ಬಾವುಟ ಹಾರಿಸಿ ಹತ್ತಿರ ಹೋಗುವುದು. ಹಾಗಾಗಿ ನನ್ನ ಒಲವು ‘ಕಳ್ಳ ಬಾವುಟ’ದ ಕಡೆಗೆ. ಕಳ್ಳನೋಟು ಇದ್ದ ಹಾಗೆ: ಕಾಗದ ಕೈಯಲ್ಲೇ ಇರುತ್ತದೆ, ಅಚ್ಚು ಹಾಕಿದವರು ಬೇರೆ. ‘ಕಾರ್ಯಾಚರಣೆ’ಯನ್ನೂ ಬಿಟ್ಟೆ. ಹಾಗಂದರೆ ಆಗಲೇ ನಡೆದುಹೋಗಿದೆ ಅನಿಸುತ್ತದೆ. ‘ಕಳ್ಳ ಬಾವುಟದ ಪ್ರಸ್ತಾವ’ ಅಂತ ಇಟ್ಟಿದ್ದೇನೆ. (‘ಪ್ರಸ್ತಾಪ’ ಅಲ್ಲ, ದಯವಿಟ್ಟು! ಅದು ಬರೀ ಮಾತೆತ್ತುವುದು.)

ಒಂದೇ ಅನುಮಾನ. ‘ಕಳ್ಳ ಬಾವುಟ’ ಅಂದರೆ ಕದ್ದ ಬಾವುಟ ಅಂತ ನಿಮಗೆ ಕೇಳಿಸುತ್ತದಾ? ಕರಾವಳಿಯ ಕಡೆ ಹಡಗು, ಮಂಜಿಗಳ (ಸರಕಿನ ಹಾಯಿದೋಣಿಗಳ) ನಡುವೆ ಬೆಳೆದವರು ಇದ್ದರೆ, ಬೇರೆಯವರ ಗುರುತು ಹಾಕಿಕೊಂಡು ಬರುವುದಕ್ಕೆ ನಿಮ್ಮಲ್ಲಿ ಏನಂತಾರೆ, ತಿಳಿಸಿ.