‘ಅಡ್ಡಿಲ್ಲ’ ಅನ್ನುವ ಟೀಮು, ನೇರ ಮಾತಿನ ಡಚ್ ಮ್ಯಾನೇಜರ್

ಪ್ರಶ್ನೆ (ಶಿರಸಿಯಿಂದ):
ಅಕ್ಕಾ, ತೋಟದ ಕೆಲಸದ ಜೊತೆಗೆ ಮನೆಯಿಂದಲೇ ಒಂದು ಡಚ್ ಕಂಪನಿಯ ಸಾಫ್ಟ್‌ವೇರ್ ಪ್ರಾಜೆಕ್ಟ್ ನೋಡಿಕೊಳ್ಳುತ್ತೇನೆ. ಆರು ಹುಡುಗರ ಟೀಮು. ಶುಕ್ರವಾರಕ್ಕೆ ಮುಗಿಯುತ್ತಾ ಅಂತ ಕೇಳಿದ್ದಕ್ಕೆ ಎಲ್ಲರೂ ‘ಅಡ್ಡಿಲ್ಲ’ ಅಂದರು. ಗುರುವಾರ ಸಂಜೆ ನೋಡಿದರೆ ಅರ್ಧವೂ ಆಗಿಲ್ಲ. ಅಲ್ಲಿಯ ಮ್ಯಾನೇಜರ್ ಎಲ್ಲರೆದುರೇ ‘ಈ ಪ್ಲಾನ್ ಸರಿಯಿಲ್ಲ’ ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟಾ? ಹುಡುಗರಿಗೆ ಏನು ಹೇಳಲಿ?

ಉತ್ತರ (ಕಾರವಾರದಿಂದ, ಪ್ರಾಜೆಕ್ಟ್ ಮ್ಯಾನೇಜರ್):
ತಮ್ಮಾ, ಮೊದಲು ನಿದ್ದೆ ಮಾಡು. ಅವರು ಪ್ಲಾನಿನ ಬಗ್ಗೆ ಹೇಳಿದ್ದಾರೆ, ಅಷ್ಟೇ. ನಾನೂ ಡಚ್ಚರ ಜೊತೆ ಕೆಲಸ ಮಾಡಿದವಳು. ಅಲ್ಲಿ ಕಿರಿಯರೂ ಮ್ಯಾನೇಜರಿಗೆ ಹಾಗೇ ಹೇಳುತ್ತಿದ್ದರು, ಆಮೇಲೆ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಹಾಫ್‌ಸ್ಟೆಡ್ ಎಂಬ ಡಚ್ ಸಂಶೋಧಕರು 1967ರಿಂದ 1973ರವರೆಗಿನ ಐಬಿಎಂ ನೌಕರರ ಸಮೀಕ್ಷೆ ಇಟ್ಟುಕೊಂಡು ದೇಶಗಳನ್ನು ಹೋಲಿಸಿದ್ದರು. ಮೇಲು–ಕೆಳಗು ಇರುವುದನ್ನು ಜನ ಎಷ್ಟು ಸಹಜವಾಗಿ ಒಪ್ಪುತ್ತಾರೆ ಎಂಬ ಅಳತೆಯಲ್ಲಿ ಭಾರತಕ್ಕೆ 77, ನೆದರ್ಲೆಂಡ್ಸ್‌ಗೆ 38. ಇದು ದೇಶದ ಲೆಕ್ಕ, ಒಬ್ಬೊಬ್ಬರಿಗೆ ಹಚ್ಚಿ ನೋಡಬಾರದು. ಆದರೂ ನಿನ್ನ ಹುಡುಗರು ಯಾಕೆ ಬಾಯಿ ಬಿಡಲಿಲ್ಲ ಅಂತ ಸ್ವಲ್ಪ ಗೊತ್ತಾಗುತ್ತದೆ, ಅಲ್ವಾ?

ನಮ್ಮ ಕಡೆ ‘ಅಡ್ಡಿಲ್ಲ’ ಅಂದರೆ ಒಪ್ಪಿಗೆಯೂ ಹೌದು, ಪರವಾಗಿಲ್ಲ ಅಂತಲೂ ಹೌದು, ಸುಮಾರು ಅಂತಲೂ ಹೌದು. ನಿನಗೆ ಎದುರಾಡಬಾರದು ಅಂತ ಅವರು ಹಾಗೆ ಅಂದಿದ್ದಾರೆ. ಅದಕ್ಕೇ ‘ಆಗುತ್ತಾ?’ ಅಂತ ಕೇಳಲೇಬೇಡ. ‘ಏನು ಉಳಿದಿದೆ? ಎಲ್ಲಿ ಸಿಕ್ಕಿಕೊಂಡಿದೆ?’ ಅಂತ ಕೇಳು. ಮೀಟಿಂಗಲ್ಲಿ ಬೇಡ, ಒಬ್ಬೊಬ್ಬರಿಗೇ ಫೋನ್ ಮಾಡು. ತೋಟದಲ್ಲಿ ಕೊಳೆರೋಗ ಕಂಡ ದಿನವೇ ಬಂದು ಹೇಳಿದವನನ್ನು ನೀನು ಬೈಯುತ್ತೀಯಾ? ಬೇಗ ತಿಳಿಯಿತಲ್ಲ ಅಂತ ಮದ್ದು ಹೊಡೆಸುತ್ತೀಯ. ಮೊದಲ ಹುಡುಗ ‘ನನ್ನಿಂದ ಆಗಲಿಲ್ಲ’ ಅಂದಾಗ ಅವನಿಗೂ ಹಾಗೇ ನಡೆದುಕೋ. ಉಳಿದ ಐವರು ಅದನ್ನೇ ನೋಡುತ್ತಿರುತ್ತಾರೆ.

ಪ್ರಶ್ನೆ ಕೇಳಿದವರು:
ಸರಿ ಅಕ್ಕಾ. ತಡ ಆಗುತ್ತದೆ ಅಂತ ಮ್ಯಾನೇಜರಿಗೆ ಹೇಗೆ ಬರೆಯಲಿ? ಕೈ ನಡುಗುತ್ತದೆ.

ಉತ್ತರ:
ಮೂರು ಸಾಲು ಸಾಕು. ‘ಶುಕ್ರವಾರ ಆಗುವುದಿಲ್ಲ. ಲಾಗಿನ್ ಭಾಗ ಮುಗಿದಿದೆ, ಪೇಮೆಂಟ್ ಭಾಗ ಉಳಿದಿದೆ. ಬುಧವಾರ ಕೊಡುತ್ತೇವೆ.’ ಸುಮ್ನೆ ಅರ್ಧ ಪುಟ ಕ್ಷಮೆ ಕೇಳಬೇಡ, ಅವರು ಮೊದಲು ಹುಡುಕುವುದು ತಾರೀಕು. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಕಳಿಸಿದರೆ ಅವರು ಕೆಲಸಕ್ಕೆ ಕೂರುವ ಹೊತ್ತಿಗೆ ಕಣ್ಣೆದುರು ಇರುತ್ತದೆ. ಹುಡುಗರ ಹೆಸರು ಮಾತ್ರ ಅದರಲ್ಲಿ ಹಾಕಬೇಡ.